ಮಲಗಿದ್ದ ಹೆಡ್‌ಲೈಟನ್ನು ಎಬ್ಬಿಸಲು ಹೋಗಿ

ನನ್ನ ಎಲೆಕ್ಟ್ರಿಕ್ ಕಾರಿನ ಹೆಡ್‌ಲೈಟಿನೊಳಗೆ ಒಂದು ವಿದ್ಯೆ ನಿದ್ದೆ ಹೊಡೆಯುತ್ತಿದೆ ಅಂತ ಗೊತ್ತಾದ ದಿನದಿಂದ ನನ್ನ ನಿದ್ದೆ ಹೋಯಿತು.

ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಕಾರು ಯುರೋಪಿನದು. ಕಂಪನಿಯ ಹೆಸರು ಬೇಡ, ಈ ಕತೆಯಲ್ಲಿ ತಪ್ಪೆಲ್ಲ ನನ್ನದೇ. ಇದೇ ಕಾರನ್ನು ಜರ್ಮನಿಯಲ್ಲಿ ಕೊಂಡವನು ಹಳ್ಳಿ ರಸ್ತೆಯಲ್ಲಿ ಹೈಬೀಮ್ ಹಾಕಿಕೊಂಡೇ ಆರಾಮಾಗಿ ಹೋಗಬಹುದು. ಗಾಜಿನ ಹಿಂದೆ ಕೂತ ಕ್ಯಾಮೆರಾ ಎದುರಿನ ಗಾಡಿಯನ್ನು ನೋಡುತ್ತದೆ. ದೀಪದೊಳಗಿನ ಪುಟ್ಟ ಪುಟ್ಟ ಎಲ್‌ಇಡಿಗಳಲ್ಲಿ ಆ ಗಾಡಿಯ ಮೇಲೆ ಬೀಳುವಷ್ಟು ಮಾತ್ರ ಆರುತ್ತವೆ. ಎದುರಿನವನು ಕತ್ತಲೆಯ ಕೊಡೆ ಹಿಡಿದು ಬಂದ ಹಾಗೆ. ಅವನ ಆಚೆ ಈಚೆ ಮರ, ತಿರುವು, ಜಿಂಕೆ ಎಲ್ಲ ನಿಚ್ಚಳ. ಅಡಾಪ್ಟಿವ್ ಹೆಡ್‌ಲೈಟ್ ಅಂದರೆ ಇದು. ನನ್ನ ಕಾರಿನಲ್ಲೂ ಅದೇ ದೀಪ, ಅದೇ ಕ್ಯಾಮೆರಾ. ಸಾಫ್ಟ್‌ವೇರಿನಲ್ಲಿ ಮಾತ್ರ ಬೀಗ.

ಬೀಗ ಹಾಕಿಸಿದ್ದು ಅಮೆರಿಕದ ಕಾನೂನು. ಈ ದೇಶದವರು ಹೆಡ್‌ಲೈಟ್ ವಿಷಯದಲ್ಲಿ ಮೊದಲಿಂದಲೂ ಹಟಮಾರಿಗಳು. 1940ರಿಂದ 1983ರವರೆಗೆ ಕಾರು ಯಾವುದೇ ಇರಲಿ, ದೀಪ ಮಾತ್ರ ಬಲ್ಬು, ಗಾಜು ಎಲ್ಲ ಒಂದೇ ತುಂಡಾಗಿ ಮುಚ್ಚಿದ ಸೀಲ್ಡ್ ಬೀಮೇ ಆಗಿರಬೇಕಿತ್ತು. 108ನೇ ನಂಬರಿನ ನಿಯಮದ ಪ್ರಕಾರ ಒಂದೋ ಲೋಬೀಮ್, ಇಲ್ಲಾ ಹೈಬೀಮ್. ನಡುವಿನದು ಅದಕ್ಕೆ ಗೊತ್ತಿರಲಿಲ್ಲ. 2013ರಲ್ಲಿ ಟೊಯೋಟಾದವರು ಅಡಾಪ್ಟಿವ್ ದೀಪಕ್ಕೆ ಒಪ್ಪಿಗೆ ಕೊಡಿ ಅಂತ ಅರ್ಜಿ ಹಾಕಿದರು. ಒಪ್ಪಿಗೆ ಬಂದದ್ದು 2022ರ ಫೆಬ್ರವರಿಯಲ್ಲಿ. ಅದೂ ಬೇರೆ ಪರೀಕ್ಷೆಯ ಜೊತೆಗೆ. ಯುರೋಪಿನಲ್ಲಿ ಪಾಸಾದ ದೀಪ ಇಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕು. ನಮ್ಮೂರಿನ ಎಂಬಿಬಿಎಸ್ ಹಿಡಿದು ಇಲ್ಲಿಗೆ ಬಂದ ಡಾಕ್ಟರುಗಳ ಪಾಡೇ ದೀಪದ್ದೂ.

ನನಗೆ ಈ ದೀಪ ಬೇಕಾಗಿದ್ದು ಶೋಕಿಗಲ್ಲ. ಸಾರಾಟೋಗದಿಂದ ಬೆಟ್ಟ ಹತ್ತುವ ಹೈವೇ 9 ಅಂತ ಒಂದಿದೆ. ರಾತ್ರಿ ಅಲ್ಲಿ ಬೀದಿದೀಪ ಇಲ್ಲ, ತಿರುವಿನ ಮೇಲೆ ತಿರುವು, ಜಿಂಕೆ ಬೇರೆ. ಆಗುಂಬೆ ಘಾಟಿಯನ್ನು ಒಣಗಿಸಿ ಇಟ್ಟ ಹಾಗಿದೆ. ಸರಿ, ಸ್ವಲ್ಪ ಶೋಕಿಯೂ ಇತ್ತು.

ಹೆಬ್ಬೆರಳಿನಷ್ಟು ದೊಡ್ಡ ಡಾಂಗಲ್ ಒಂದನ್ನು ತರಿಸಿದೆ. ಅದನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಕಾರಿನ ತಲೆಯೊಳಗಿನದೆಲ್ಲ ಮೊಬೈಲಿನಲ್ಲಿ ಕಾಣುತ್ತದೆ. "ಇದು ಕಾನೂನಿಗೆ ಸರೀನಾ?" ಅಂತ ಹೆಂಡತಿ ಕೇಳಿದಳು. ನಾನು ಕಾಫಿ ಕೇಳಿದೆ.

ಶುಕ್ರವಾರ ರಾತ್ರಿ ಊಟ ಮುಗಿಸಿ ಗ್ಯಾರೇಜಿಗೆ ಇಳಿದೆ. ಸೀಟಿನ ಮೇಲೆ ಕಾಲು, ಪೆಡಲ್ ಹತ್ತಿರ ತಲೆ, ಬಾಯಲ್ಲಿ ಟಾರ್ಚು. ಹೆಡ್‌ಲೈಟಿಗಾಗಿ ಟಾರ್ಚ್ ಕಚ್ಚಿಕೊಂಡ ಗಂಡಸನ್ನು ನೋಡಿ ಮಗಳು ಫೋಟೋ ತೆಗೆದುಕೊಂಡು ಹೋದಳು.

ತೆರೆಯ ಮೇಲೆ ಉದ್ದನೆಯ ಕೋಡು ಬಂತು. ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್, ಎಲ್ಲ ಕಲಸಿದ ಚಿತ್ರಾನ್ನ. ಪಕ್ಕದಲ್ಲಿ ಜರ್ಮನ್ ಭಾಷೆಯ ಮೊಟಕು ಹೆಸರುಗಳು. ಆಫೀಸಿನಲ್ಲಿ ನಾನು ಒಂದು ಸಾಲು ಕೋಡ್ ಬದಲಿಸಿದರೆ ಇಬ್ಬರು ನೋಡಿ ಒಪ್ಪಬೇಕು. ಶುಕ್ರವಾರ ಯಾರೂ ಏನನ್ನೂ ಮುಟ್ಟಬಾರದು ಅನ್ನುವುದು ನಮ್ಮ ಟೀಮಿನ ನಿಯಮ. ಆ ನಿಯಮ ಬರೆದವನೂ ನಾನೇ. ಇಲ್ಲಿ ಮಾತ್ರ, ನಡೀತದೆ ಬಿಡು ಅನ್ನಿಸಿತು.

ಒಂದು ಜಾಣತನ ಮಾತ್ರ ಮಾಡಿದೆ. ಹಳೇ ಕೋಡನ್ನು ಬರೆದಿಟ್ಟುಕೊಂಡೆ. ಜೇಬಿನಲ್ಲಿ ಯಾವುದೋ ಚೀಟಿ ಇತ್ತು, ಅದರ ಹಿಂದೆ. ಆಮೇಲೆ ನಾಲ್ಕು ಕಡೆ ಟಿಕ್ ಹಾಕಿ ಒತ್ತಿದೆ. ದೀಪಗಳು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒಂದು ಸುತ್ತು ಕುಣಿದವು. ನಾನೂ ಕುಣಿದೆ.

ಆ ಹೊತ್ತಿನಲ್ಲೇ ಹೈವೇ 9ಕ್ಕೆ ಹೋದೆ. ಎದುರಿಗೆ ಬಂದ ಮೊದಲ ಕಾರಿನವನು ಡಿಪ್ ಹೊಡೆದ. ನಾನೂ ಖುಷಿಯಿಂದ ಹೊಡೆದೆ. ಎರಡನೆಯವನೂ ಹೊಡೆದ. ಮೂರನೆಯವಳು ಹೊಡೆದಳು, ಹಾರ್ನನ್ನೂ ಮಾಡಿದಳು. ನಮ್ಮೂರಲ್ಲಿ ಎದುರಿನ ಲಾರಿ ಡಿಪ್ ಹೊಡೆದರೆ "ನಾನು ಬರ್ತಿದೀನಿ, ನೀನು ಸೈಡಿಗೆ ನಿಂತ್ಕೋ" ಅಂತ ಅರ್ಥ. ಇಲ್ಲಿ "ನಿನ್ನ ಲೈಟು ನನ್ನ ಕಣ್ಣಿಗೆ ಹೊಡೀತಿದೆ ಮಾರಾಯ" ಅಂತ. ಐದನೆಯವನ ಹೊತ್ತಿಗೆ ಅರ್ಥವಾಯಿತು.

ಕಾರು ನಿಲ್ಲಿಸಿ ಮುಂದಿದ್ದ ಗೋಡೆಯ ಮೇಲೆ ಬೆಳಕು ನೋಡಿದೆ. ಲೋಬೀಮಿನ ಗೆರೆ ಎರಡೂ ಕಡೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ರಸ್ತೆಯಂಚು ಕಾಣಲಿ ಅಂತ ಆ ಬದಿಗೆ ಸ್ವಲ್ಪ ಮೇಲೆ ಹತ್ತಿರುತ್ತದೆ. ಬಲಕ್ಕೆ ಓಡಿಸುವ ಅಮೆರಿಕದಲ್ಲಿ ಬಲಕ್ಕೆ, ಎಡಕ್ಕೆ ಓಡಿಸುವ ಭಾರತದಲ್ಲಿ ಎಡಕ್ಕೆ. ನನ್ನದು ಎಡಕ್ಕೆ ಹತ್ತಿ ನಿಂತಿತ್ತು, ಸರಿಯಾಗಿ ಎದುರಿನವರ ಕಣ್ಣಿಗೆ. ಟಿಕ್ ಒಂದು ಸಾಲು ಆಚೀಚೆ ಆಗಿತ್ತು. ಹದಿನೈದು ವರ್ಷ ಇಲ್ಲಿದ್ದರೂ ನಾನು ಯಾವ ದೇಶದವನು ಅಂತ ಕಾರಿಗೆ ಗೊತ್ತಾಗಿಬಿಟ್ಟಿತ್ತು. ಯಾರ ಕಣ್ಣಿಗೂ ಕುಕ್ಕದ ದೀಪ ಬೇಕು ಅಂತ ಹೊರಟವನು ಅರ್ಧ ಬೆಟ್ಟದವರ ಕಣ್ಣು ಕುಕ್ಕಿ, ಮೂವತ್ತರ ಸ್ಪೀಡಿನಲ್ಲಿ ಮನೆಗೆ ಬಂದೆ.

ಚೀಟಿ ನೋಡಿ ಹಳೇ ಕೋಡನ್ನು ಒಂದೊಂದೇ ಅಕ್ಷರ ಹಾಕಿದೆ. ದೀಪ ಈ ಸಲ ಕುಣಿಯಲಿಲ್ಲ. ನಿಧಾನಕ್ಕೆ ತಲೆ ತಗ್ಗಿಸಿತು. ಬಂಪರಿನ ಮುಂದೆ ನಾಲ್ಕು ಅಡಿ ನೆಲ ಮಾತ್ರ ಬೆಳಗುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯ ಹಾಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಚ್ಚರಿಕೆ. ಮತ್ತೆ ಹಾಕಿದೆ. ಮತ್ತೆ ನೆಲ. ಹೀಗೇ ಎರಡು ಗಂಟೆ ಹೆಣಗಿದೆ. ಒಂದು ಗಂಟೆ ರಾತ್ರಿಗೆ ತೆರೆ ಮಿಣುಕಿತು, ಟಕ್ ಅಂತ ಸದ್ದಾಯಿತು, ಕಾರು ಪೂರ್ತಿ ಸತ್ತಿತು.

ಎಲೆಕ್ಟ್ರಿಕ್ ಕಾರಿನ ಗುಟ್ಟು ಅವತ್ತು ತಿಳಿಯಿತು. ಹೊಟ್ಟೆಯೊಳಗೆ 60 ಯೂನಿಟ್ ಕರೆಂಟಿದ್ದರೂ ಆ ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯುವುದು 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿ. ಗಾಡಿ ಓಡಲು ಸಿದ್ಧವಾಗಿ ನಿಂತಿದ್ದರೆ ದೊಡ್ಡದು ಚಿಕ್ಕದಕ್ಕೆ ಊಟ ಹಾಕುತ್ತಿರುತ್ತದೆ. ನಾನು ಬರೀ ಆನ್ ಮಾಡಿಕೊಂಡು ಕೂತಿದ್ದೆ. ಚಿಕ್ಕದು ಉಪವಾಸ ಬಿದ್ದು ಹೋಯಿತು. ಕಣಜದ ತುಂಬ ಭತ್ತ, ಬೀಗದ ಕೈ ಬಾವಿಯಲ್ಲಿ.

ಬೆಳಗ್ಗೆ ಪಕ್ಕದ ಮನೆಯ ತಾತ ತನ್ನ ಹಳೇ ಪೆಟ್ರೋಲ್ ಕಾರು ತಂದು ನಿಲ್ಲಿಸಿದ. ಅದರ ಒಂದು ಬಾಗಿಲಿನ ಬಣ್ಣ ಬೇರೆ. "ಪೆಟ್ರೋಲ್ ಕಾಲ ಮುಗೀತು" ಅಂತ ಯುಗಾದಿ ಹೋಳಿಗೆ ಕೊಡಲು ಹೋದಾಗ ನಾನು ಅವನಿಗೆ ಅರ್ಧ ಗಂಟೆ ಹೇಳಿದ್ದೆ. ತಾತ ಅದನ್ನು ನೆನಪಿಸಲಿಲ್ಲ. ಕೇಬಲ್ ಹಾಕುವಾಗ ಸುಮ್ನೆ ಸಿಳ್ಳೆ ಹೊಡೆಯುತ್ತಿದ್ದ, ಅಷ್ಟೇ.

ಕಾರಿಗೆ ಜೀವ ಬಂತು, ದೀಪ ಇನ್ನೂ ನೆಲವನ್ನೇ ನೋಡುತ್ತಿತ್ತು. ಆಗಲೇ ಶಿವಮೊಗ್ಗದಿಂದ ಅಪ್ಪನ ವಿಡಿಯೋ ಕಾಲ್. ವಿಷಯ ಹೇಳಿದೆ.

"ಎದುರಿನವರ ಕಣ್ಣಿಗೆ ಹೊಡೀಬಾರದು, ಅಷ್ಟೇ ಅಲ್ವೇನೋ?" ಅಂದರು. "ನಮ್ಮ ಅಂಬಾಸಡರ್ ನೆನಪಿಲ್ವಾ? ಪೊಲೀಸರು ನಿಲ್ಲಿಸಿ ಬ್ರಷ್‌ನಲ್ಲಿ ಲೈಟಿನ ಮೇಲೆ ಕಪ್ಪು ಬಳಿತಿದ್ರು. ಅದಕ್ಕೆ ಡಾಂಗಲ್ಲೂ ಬೇಡ, ಗೀಂಗಲ್ಲೂ ಬೇಡ. ಕಾರಿಗೆ ದೃಷ್ಟಿಬೊಟ್ಟು ಇಟ್ಟ ಹಾಗೂ ಆಗ್ತಿತ್ತು."

"ಅಪ್ಪಾ, ಇದು ಅಡಾಪ್ಟಿವ್..."

"ಗೊತ್ತು ಗೊತ್ತು. ಮೊದಲು ಏನಾದರೂ ತಿನ್ನು."

ಫೋನ್ ಇಟ್ಟ ಮೇಲೆ ಹೆಂಡತಿ ಬಂದಳು. ಚೀಟಿ ಕೊಡಿ ಅಂದಳು. ಅಲ್ಲೊಂದು ಇಲ್ಲೊಂದು ಅಕ್ಷರ ಸೋರಿದ ಹಾಗಿತ್ತು. ಅವಳು ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಲೆ ತಗ್ಗಿಸಿದ ಆ ದೀಪಕ್ಕೇ ಚೀಟಿಯನ್ನು ಅಡ್ಡ ಹಿಡಿದಳು.

"ರೀ, ಇದು ಎಂಟಲ್ಲ, ಮೂರು. ಈ ಕಡೆಯ ಗೀಟು ನಿಮ್ಮದಲ್ಲ, ನನ್ನದು. ಹಿಂದಿನಿಂದ ಇಂಗಿದೆ."

"ನಿನ್ನದಾ?"

"ಹುಣಸೆಹಣ್ಣು ಅಂತ ಬರೆದಿದ್ದೆ. ಅದರ ಣ ಒತ್ತು."

ಎಂಟನ್ನು ಅಳಿಸಿ ಮೂರು ಹಾಕಿದೆ. ದೀಪ ಮೆಲ್ಲಗೆ ತಲೆ ಎತ್ತಿತು. ಹಳದಿ ಎಚ್ಚರಿಕೆ ಹೋಯಿತು. ಗ್ಯಾರೇಜಿನ ಗೋಡೆಯ ಮೇಲೆ ಗೆರೆ ಬಲಕ್ಕೆ ಹತ್ತಿ, ಕಾನೂನು ಹೇಳಿದಲ್ಲಿಗೆ ಬಂದು ನಿಂತಿತು. ಡಾಂಗಲ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಹೆಂಡತಿ ಇನ್ನೂ ಚೀಟಿಯನ್ನು ಬೆಳಕಿಗೆ ಹಿಡಿದೇ ಇದ್ದಳು. ಈಗ ತಿರುಗಿಸಿ ಆ ಕಡೆ ಓದತೊಡಗಿದಳು. ಹುಣಸೆಹಣ್ಣು, ತೊಗರಿಬೇಳೆ, ಇಂಗು, ಸಣ್ಣ ರವೆ.

"ಇದು ನಿನ್ನೆ ಸಂಜೆ ನಾನು ಕೊಟ್ಟ ಚೀಟಿ ಅಲ್ವಾ?" ಅಂದಳು. "ಸಾಮಾನು ಎಲ್ಲಿ?"