ನಿದ್ದೆಯ ವಾಸನೆ

ನಿದ್ದೆ ಬಾರದವರಿಗೆ ಸಲಹೆಗಳ ಬರ ಯಾವತ್ತೂ ಇಲ್ಲ. ಒಬ್ಬರು ಕ್ಯಾಮೊಮೈಲ್ ಹೂವಿನ ಕಷಾಯ ಕುಡಿ ಅಂದರು. ಇನ್ನೊಬ್ಬರು ದಿಂಬಿನ ಪಕ್ಕ ಲ್ಯಾವೆಂಡರ್ ಇಟ್ಟುಕೋ ಅಂದರು. ಎರಡನ್ನೂ ಮಾಡಿದೆ. ಎರಡೂ ಘಮಘಮ. ನನಗೆ ಅನುಮಾನ ಶುರುವಾಗಿದ್ದೇ ಅಲ್ಲಿ. ಇಷ್ಟು ಚೆಂದದ ವಾಸನೆ ಸೋಪಿಗೆ ಸರಿ, ಔಷಧಿಗೆ ಹೇಗೆ? ಮೂಗು ಹಿಡಿಸಿ ಕುಡಿಸಿದ್ದನ್ನು ನುಂಗಿ ಬೆಳೆದ ಜೀವ ನನ್ನದು. ಗಂಟಲಲ್ಲಿ ಇಳಿಯುವಾಗ ಮುಖ ಕಿವುಚದಿದ್ದರೆ ಅದನ್ನು ಮದ್ದು ಅಂತ ಮನಸ್ಸು ಒಪ್ಪುವುದೇ ಇಲ್ಲ.

ಹಾಗಾಗಿ ಅಶ್ವಗಂಧ ಅಂದ ತಕ್ಷಣ ಗೌರವ ಹುಟ್ಟಿತು. ಕುದುರೆಯ ವಾಸನೆ ಅಂತ ಹೆಸರಲ್ಲೇ ತಪ್ಪೊಪ್ಪಿಕೊಂಡುಬಿಟ್ಟಿದೆಯಲ್ಲ! ಕನ್ನಡದಲ್ಲಿ ಇದು ಹಿರೇಮದ್ದು. ಸಸ್ಯಶಾಸ್ತ್ರದವರು ಇಟ್ಟ ಹೆಸರಿನ ಬಾಲದಲ್ಲಿ ‘ಸೋಮ್ನಿಫೆರಾ’ ಎಂದಿದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ನಿದ್ದೆ ತರುವುದು ಅಂತ ಅರ್ಥ. ಒಂದು ಹೆಸರಲ್ಲಿ ಕುದುರೆ, ಇನ್ನೊಂದರಲ್ಲಿ ನಿದ್ದೆ. ಕುದುರೆ ನಿಂತಲ್ಲೇ ತೂಕಡಿಸುತ್ತದೆ ಅನ್ನುವುದು ಸುಮ್ನೆ ನೆನಪಾಯಿತು. ಮೂರು ವಾರ ಪುಡಿಯನ್ನು ಬಿಸಿನೀರಿಗೆ ಕದಡಿ ಕುಡಿದೆ. ನಿದ್ದೆ ಕೊಂಚ ಸುಧಾರಿಸಿತು. ಆದರೆ ಅದೇ ಮೂರು ವಾರ ನನ್ನ ಫೋನ್ ಕೂಡ ಕೆಟ್ಟು ಕೂತಿತ್ತು. ಈಗ ಶಹಬ್ಬಾಸ್ ಯಾರಿಗೆ ಹೇಳುವುದು? ಅಷ್ಟರಲ್ಲಿ ಡಾಕ್ಟರೊಬ್ಬರು, ಅಪರೂಪಕ್ಕೆ ಇದರಿಂದ ಲಿವರ್‌ಗೆ ಪೆಟ್ಟು ಬಿದ್ದದ್ದೂ ಇದೆ, ಬಸುರಿಯರು, ಥೈರಾಯ್ಡ್ ಮಾತ್ರೆ ನುಂಗುವವರು ಇದರ ಸಹವಾಸಕ್ಕೆ ಹೋಗಬಾರದು ಅಂದರು. ಹಿರೇಮದ್ದು ಅಂತ ಸುಮ್ಮನೆ ಕರೆದಿಲ್ಲ.

ಆಮೇಲೆ ಸಿಕ್ಕಿದ್ದು ವಲೇರಿಯನ್ ಬೇರು. ಡಬ್ಬಿಯ ಮುಚ್ಚಳ ತೆಗೆದೆ. ನಾಲ್ಕು ದಿನ ಹಾಕಿಕೊಂಡ ಕಾಲುಚೀಲ! ಇದು ನನ್ನ ಉತ್ಪ್ರೇಕ್ಷೆಯಲ್ಲ. ಒಣಗಿದ ಬೇರಿಗೆ ಆ ನಾತ ಕೊಡುವ ಐಸೋವಲೆರಿಕ್ ಆಮ್ಲವೇ ಬೆವರಿದ ಪಾದದಲ್ಲೂ ಇರುತ್ತದೆ. ಪ್ರಾಚೀನ ಗ್ರೀಕರು ಈ ಬಳಗದ ಗಿಡವೊಂದನ್ನು ‘ಫು’ ಎಂದು ಕರೆಯುತ್ತಿದ್ದರು. ನಾವಾಗಿದ್ದರೆ ‘ಥೂ’ ಅನ್ನುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಹಿಮಾಲಯದ ಜಟಾಮಾಂಸಿಯೂ ಇದರ ನೆಂಟ. ಅದನ್ನಂತೂ ಬೇರುಸಮೇತ ಕಿತ್ತು ಕಿತ್ತು ಅಳಿವಿನ ಅಂಚಿಗೆ ತಂದಿಟ್ಟಿದ್ದೇವೆ. ಇಷ್ಟು ನಾರುವುದು ಕೆಲಸ ಮಾಡದೇ ಇರುತ್ತದೆಯೇ ಅಂದುಕೊಂಡೆ. ಪ್ರಯೋಗ ಮಾಡಿದವರಿಗೆ ನನ್ನಷ್ಟು ಭಕ್ತಿ ಇಲ್ಲ. ನಿದ್ರಾಹೀನತೆಗೆ ವಲೇರಿಯನ್ ಬಳಸದಿರುವುದೇ ಮೇಲು ಎಂದು ಅಮೆರಿಕದ ನಿದ್ರಾ ವೈದ್ಯರ ಸಂಘ 2017ರಲ್ಲಿ ಸಲಹೆ ಕೊಟ್ಟಿದೆ.

ನನ್ನ ಮೂಗಿನ ಸಿದ್ಧಾಂತಕ್ಕೆ ನಿಜವಾದ ಪೆಟ್ಟು ಕೊಟ್ಟಿದ್ದು ಸೇಂಟ್ ಜಾನ್ಸ್ ವರ್ಟ್. ಮಂಕು ಕವಿದ ಮನಸ್ಸಿಗೆ ಕೊಡುವ ಗಿಡ. ಹೇಳಿಕೊಳ್ಳುವಂಥ ನಾತ ಇಲ್ಲ. ಪುಟ್ಟ ಹಳದಿ ಹೂ. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಚುಕ್ಕೆಗಳು. ನೋಡಲು ಪಾಪದ್ದು. ಆದರೆ 29 ಪ್ರಯೋಗಗಳನ್ನು ಒಟ್ಟು ಸೇರಿಸಿ 2008ರಲ್ಲಿ ತೂಗಿ ನೋಡಿದಾಗ, ಖಿನ್ನತೆಗೆ ಇದು ಔಷಧಿಯೇ ಇಲ್ಲದ ಬರೀ ಸಕ್ಕರೆ ಗುಳಿಗೆಗಿಂತ ಮೇಲು ಎಂದು ಕಂಡಿತು. ಇದರ ತಂಟೆಯೂ ಅಷ್ಟೇ ಜಾಸ್ತಿ. ಬೇರೆ ಔಷಧಿಗಳನ್ನು ಬೇಗ ಬೇಗ ಹೊರಗಟ್ಟುವಂತೆ ಲಿವರ್‌ಗೆ ಕುಮ್ಮಕ್ಕು ಕೊಡುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕಿಡ್ನಿ ಬದಲಿಸಿದವರು ನುಂಗುವ ಮಾತ್ರೆ, ಎಲ್ಲದರ ಬಲ ಇಳಿದುಬಿಡುತ್ತದೆ. ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಮಿತಿಮೀರಿ ಪ್ರಾಣಕ್ಕೇ ಬರಬಹುದು. ಗಿಡಮೂಲಿಕೆ ತಾನೇ, ಏನಾಗುತ್ತೆ ಅಂತ ಡಾಕ್ಟರಿಗೆ ಹೇಳದೇ ಇರುತ್ತೇವಲ್ವಾ, ಅಲ್ಲೇ ಎಡವಟ್ಟು. ಇದನ್ನು ನಾನು ಮುಟ್ಟಲಿಲ್ಲ.

ವಲೇರಿಯನ್ ಡಬ್ಬಿಯನ್ನು ಮಾತ್ರ ಎಸೆಯಲು ಮನಸ್ಸು ಬರಲಿಲ್ಲ. ಒಂದು ರಾತ್ರಿ ಕಷಾಯ ಕುಡಿದು, ಮುಚ್ಚಳ ಸಡಿಲವಾಗಿ ಹಾಕಿ ಮಲಗಿದೆ. ಎರಡು ಗಂಟೆಗೆ ದಡಬಡ ಸದ್ದು. ನಮ್ಮ ಬೆಕ್ಕು ಡಬ್ಬಿ ಉರುಳಿಸಿ, ಬೇರಿನ ಚೂರುಗಳ ಮೇಲೆ ಹೊರಳಾಡಿ, ಗೋಡೆಯಿಂದ ಗೋಡೆಗೆ ಓಡುತ್ತಿತ್ತು. ಮನುಷ್ಯರನ್ನು ಮಲಗಿಸಲು ಕೊಡುವ ಬೇರು ಬೆಕ್ಕುಗಳಿಗೆ ಅಮಲು ಏರಿಸುತ್ತದೆ ಎಂದು ಬೆಳಗಿನ ಜಾವ ಕೂತು ಓದಿ ತಿಳಿದುಕೊಂಡೆ. ಈಗ ಡಬ್ಬಿ ಬೀರುವಿನ ಮೇಲಿದೆ. ಬೆಕ್ಕೂ ಅಲ್ಲೇ ಇದೆ.