ಸಮಾರಾಧನೆಗೆ ಬಂದು ನೋಡಿ

ಅಪ್ಪ ಕಾಣೆಯಾದನೆಂದು ಮನೆಗೆ ಬಂದ ಹೆಣ್ಣುಮಕ್ಕಳು ಊಟದ ಮೇಜಿನಲ್ಲೇ ಕಿತ್ತಾಡುವ 'ಆಗಸ್ಟ್: ಓಸೇಜ್ ಕೌಂಟಿ'ಯಂಥ ಅಮೆರಿಕನ್ ನಾಟಕ ನಮ್ಮವರಿಗೆ ಒಗ್ಗಲ್ಲ ಅಂತ ಒಂದು ಲೇಖನದಲ್ಲಿ ಓದಿದೆ. ಯಾಕ್ ಸ್ವಾಮಿ? ಬಸವನಗುಡಿಯ ಯಾವುದಾದರೂ ವೈಕುಂಠ ಸಮಾರಾಧನೆಯಲ್ಲಿ ಕೊನೇ ಪಂಕ್ತಿಗೆ ಕೂತು ನೋಡಿ. ನಮ್ಮ ದೊಡ್ಡಪ್ಪನದ್ದರಲ್ಲಿ ಎಲೆಗೆ ಹೋಳಿಗೆ ಬೀಳೋ ಹೊತ್ತಿಗೆ ಸರಿಯಾಗಿ ಹಿರೀಮಗ ತಂಗಿಯರ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟ. ಅಮೆರಿಕದಿಂದ ಬಂದವಳು ತುಪ್ಪದ ಕೈಯಲ್ಲೇ ಪುಟ ತಿರುವಿ, "ಸೈಟಿನ ಅಳತೆ ತಪ್ಪಿದೆ. ಇನ್ನೊಂದು ಹೋಳಿಗೆ ಹಾಕಿ" ಅಂದಳು. ದೊಡ್ಡಮ್ಮ ಕಿಸಕ್ಕನೆ ನಕ್ಕುಬಿಟ್ಟರು!

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ದೇಶಕ್ಕೆಲ್ಲ ಬಂದದ್ದು 2005ರ ತಿದ್ದುಪಡಿಯಿಂದ, ಕರ್ನಾಟಕದಲ್ಲಿ ಅದಕ್ಕೂ ಮೊದಲೇ 1994ರಲ್ಲಿ ಬಂದಿತ್ತು. ಬೆಂಗಳೂರಿನ ಸೈಟಿನ ರೇಟು ಅದಕ್ಕೆ ಸೇರಿಸಿ, ಆ ನಾಟಕ ನಡೆಯೋ ಓಕ್ಲಹೋಮಾಕ್ಕಿಂತ ಖಾರವಾದ ಎರಡನೇ ಅಂಕ ತಯಾರು. 'ತಿಥಿ' ಸಿನಿಮಾ ನೋಡಿ ಬಿದ್ದು ಬಿದ್ದು ನಕ್ಕವರೂ ನಾವೇ ತಾನೆ?

ಯಾರಾದರೂ ಈ 'ಓಸೇಜ್ ಕೌಂಟಿ'ಯನ್ನ ಕನ್ನಡಕ್ಕೆ ತಂದು ರಂಗಶಂಕರದಲ್ಲಿ ಆಡಲಿ. ಆದರೆ ದಯವಿಟ್ಟು ತಾಯಿ ವಯೊಲೆಟ್‌ಳನ್ನ ಸೀರಿಯಲ್ಲಿನ ಕಣ್ಣೀರಮ್ಮ ಮಾಡಬೇಡಿ. ಬಾಯಿ ಕ್ಯಾನ್ಸರ್ ಇದ್ದೂ ಮಾತ್ರೆ ನುಂಗಿ ನುಂಗಿ, ಎಲ್ಲರ ಗುಟ್ಟು ರಟ್ಟು ಮಾಡೋ ಹೆಂಗಸು ಅವಳು. ಮುಂದಿನ ಸಾಲಲ್ಲಿ ಕೂತವರಿಗೆ ಸ್ವಲ್ಪ ಭಯ ಆಗಲಿ ಬಿಡಿ.