ಹಾರ್ಟಿನ ಆಕಾರ ಸರಿಮಾಡಿದರೆ ಹಾರ್ಟು ಸರಿಹೋಗುತ್ತಾ?

"ಎದೆ ಕೊಯ್ಯದೇ ಕ್ಲಿಪ್ ಹಾಕಿ ಹೃದಯ ಮೊದಲಿನ ಹಾಗೆ ಮಾಡ್ತಾರಂತಲ್ಲ ಮೇಡಂ, ನಮ್ಮಪ್ಪಂಗೂ ಮಾಡಿಸಬಹುದಾ?" ಈ ಪ್ರಶ್ನೆ ಈಗೀಗ ಎಕೋ ರೂಮಿಗೂ ಬರುತ್ತಿದೆ. ವಾಟ್ಸಾಪ್ ವಿಡಿಯೋಗಳ ಪ್ರಭಾವ. ಎಕೋ ತೆಗೆಯುವುದು, ಅಂದರೆ ಹೃದಯದ ಸ್ಕ್ಯಾನ್ ಮಾಡುವುದು, ನನ್ನ ಕೆಲಸ, ನಾನು ಡಾಕ್ಟರ್ ಅಲ್ಲ. ಹಾಗಾಗಿ "ಡಾಕ್ಟರ್ ಹತ್ರ ಕೇಳಿ" ಅಂತ ಕಳಿಸುತ್ತೇನೆ. ಆದರೆ ದಿನಾ ಹಿಗ್ಗಿದ ಹೃದಯಗಳನ್ನೇ ಸ್ಕ್ರೀನ್ ಮೇಲೆ ನೋಡುವವಳಿಗೆ ತನ್ನದೂ ಒಂದು ಅಭಿಪ್ರಾಯ ಇರುತ್ತದಲ್ವಾ? ಅದನ್ನು ಇಲ್ಲಿ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಹಾರ್ಟ್ ದೊಡ್ಡದಾಗಿದೆ ಅನ್ನುತ್ತೇವಲ್ಲ, ಅದು ಆಗುವುದು ಹೀಗೆ. ಹಾರ್ಟ್ ಅಟ್ಯಾಕ್‌ನಲ್ಲಿ ಒಂದಷ್ಟು ಮಾಂಸ ಸತ್ತುಹೋಗುತ್ತದೆ. ಇಲ್ಲವೇ ವರ್ಷಗಟ್ಟಲೆ ಬಿಪಿ, ಕುಡಿತ, ವೈರಸ್, ಕೆಲವರಿಗೆ ವಂಶದಿಂದ ಬಂದ ತೊಂದರೆ. ಎಡಗಡೆಯ ಕೆಳಕೋಣೆ ನಿಧಾನಕ್ಕೆ ಹಿಗ್ಗುತ್ತದೆ. ಚೆನ್ನಾಗಿದ್ದಾಗ ಅದು ಉದ್ದಕ್ಕೆ, ತುದಿ ಚೂಪಾಗಿ ಇರುತ್ತದೆ. ಹಿಗ್ಗಿದ ಮೇಲೆ ಗುಂಡಗಾಗುತ್ತದೆ. ಕೋಣೆ ಅಗಲವಾದಷ್ಟೂ, ಗೋಡೆ ತೆಳುವಾದಷ್ಟೂ, ಅದೇ ಒತ್ತಡ ಹುಟ್ಟಿಸಲು ಗೋಡೆ ಜಾಸ್ತಿ ಬಿಗಿಯಬೇಕು. ಲಾಪ್ಲಾಸ್ ನಿಯಮ ಅಂತಾರೆ ಇದಕ್ಕೆ. ಜಾಸ್ತಿ ಬಿಗಿದರೆ ದಣಿವು, ದಣಿದರೆ ಇನ್ನಷ್ಟು ಹಿಗ್ಗು. ಈ ನಡುವೆ ಎಡಗಡೆಯ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲಾದ ಮೈಟ್ರಲ್ ವಾಲ್ವೂ ಸೋರತೊಡಗುತ್ತದೆ. ವಾಲ್ವ್ ತಾನಾಗಿ ಕೆಟ್ಟಿರುವುದಿಲ್ಲ. ಚೌಕಟ್ಟು ಹಿಗ್ಗಿದರೆ ಬಾಗಿಲಿನ ಎರಡು ಕದ ಕೂಡುವುದಿಲ್ಲವಲ್ಲ, ಹಾಗೆ.

ಇಷ್ಟು ಗೊತ್ತಾದ ಮೇಲೆ ಯಾರಿಗಾದರೂ ಹೊಳೆಯುವುದು ಒಂದೇ: ಹಿಗ್ಗಿದ್ದನ್ನು ಕುಗ್ಗಿಸಿಬಿಡೋಣ. ಬ್ರೆಜಿಲ್‌ನ ಸರ್ಜನ್ ರಾಂಡಾಸ್ ಬಟಿಸ್ಟಾ 1990ರ ದಶಕದಲ್ಲಿ ಅದನ್ನೇ ಮಾಡಿದರು. ಹಿಗ್ಗಿದ ಕೋಣೆಯ ಗೋಡೆಯಿಂದ ಒಂದು ತುಂಡು ಕತ್ತರಿಸಿ ತೆಗೆದು, ಉಳಿದದ್ದನ್ನು ಹೊಲಿದುಬಿಟ್ಟರು. ಜಗತ್ತೆಲ್ಲ ಬೆರಗಾಯಿತು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಂಥ ದೊಡ್ಡ ಆಸ್ಪತ್ರೆಯೂ ಮಾಡಿ ನೋಡಿತು, ಆಮೇಲೆ ಬಿಟ್ಟಿತು. ಕೆಲವರು ಸುಧಾರಿಸಿದರು, ಹಲವರ ಹೃದಯ ಮತ್ತೆ ಸೋತಿತು.

ಕತ್ತರಿಸುವುದು ಬೇಡ, ಸಾಧನ ಇಟ್ಟು ಹಿಡಿದು ನಿಲ್ಲಿಸೋಣ ಅಂತ ಎಂಜಿನಿಯರುಗಳು ಬಂದರು. ಅಮೆರಿಕದ ಏಕಾರ್ನ್ ಕಂಪನಿ ಕಾರ್‌ಕ್ಯಾಪ್ ಅಂತ ಪಾಲಿಯೆಸ್ಟರ್ ಬಲೆಯ ಚೀಲ ಮಾಡಿತು. ಹೃದಯಕ್ಕೆ ಹೊರಗಿನಿಂದ ತೊಡಿಸುವುದು, ಇನ್ನು ಹಿಗ್ಗದ ಹಾಗೆ. ಹೃದಯದ ಅಳತೆ ಇಳಿಯಿತು, ಆದರೆ ಸಾವು ಕಮ್ಮಿಯಾಗಲಿಲ್ಲ. 2005ರಲ್ಲಿ ಎಫ್‌ಡಿಎಯ (ಔಷಧಿ, ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ) ಸಲಹಾ ಸಮಿತಿ ಅದನ್ನು ಒಪ್ಪಲಿಲ್ಲ. ಪ್ಯಾರಾಶೂಟ್ ಅನ್ನೋ ಇನ್ನೊಂದು ಸಾಧನ ಬಂತು. ತೊಡೆಯ ರಕ್ತನಾಳದಿಂದ ಒಳಗೆ ಹೋಗಿ, ಕೋಣೆಯ ಸತ್ತ ತುದಿಯಲ್ಲಿ ಬಿಚ್ಚಿಕೊಂಡು, ಆ ಭಾಗವನ್ನೇ ಪ್ರತ್ಯೇಕ ಮಾಡಿಬಿಡುವ ಉಪಾಯ. ನೋಡಲು ಎಷ್ಟು ಚೆಂದ! 2017ರಲ್ಲಿ ಅದರ ದೊಡ್ಡ ಪ್ರಯೋಗ ಅರ್ಧಕ್ಕೇ ನಿಂತಿತು, ಕಂಪನಿಯೂ ಮುಚ್ಚಿತು.

ನನಗೆ ಹೊಟ್ಟೆ ಉರಿಯುವುದು ಕೋಆಪ್ಸಿಸ್ ಕಥೆಗೆ. ಹೃದಯದ ಎರಡೂ ಬದಿಗೆ ಒಂದೊಂದು ಪ್ಯಾಡ್, ನಡುವೆ ಕೋಣೆಯೊಳಗೇ ಹಾದುಹೋಗುವ ಒಂದು ದಾರ. ಬೈಪಾಸ್ ಮಾಡುವಾಗಲೇ, ಎಕೋ ನೋಡಿಕೊಂಡು, ಸೋರಿಕೆ ನಿಲ್ಲುವವರೆಗೆ ದಾರ ಎಳೆಯುವುದು. 165 ಜನರ ಪ್ರಯೋಗದಲ್ಲಿ ಎರಡು ವರ್ಷಕ್ಕೆ ಬದುಕಿದ್ದವರು ದಾರ ಹಾಕಿಸಿಕೊಂಡವರಲ್ಲಿ ನೂರಕ್ಕೆ 87, ಇಲ್ಲದವರಲ್ಲಿ 77. ಇಷ್ಟು ಒಳ್ಳೆಯ ಫಲಿತಾಂಶ 2010ರಲ್ಲಿ ಅಚ್ಚಾಗುವ ಹೊತ್ತಿಗೆ ಪ್ರಯೋಗವೇ ನಿಂತುಹೋಗಿತ್ತು. ಕಾರಣ ದುಡ್ಡಿಲ್ಲ! ಅಷ್ಟು ಸಣ್ಣ ಪ್ರಯೋಗ ನಂಬಿ ಕುಣಿಯಬೇಕಿಲ್ಲ ಅನ್ನುವುದೂ ಸರಿಯೇ. ಆದರೂ ದೊಡ್ಡದಾಗಿ ಪರೀಕ್ಷೆಯಾಗಬೇಕಿತ್ತು.

ಇವೆಲ್ಲದಕ್ಕಿಂತ ಮುಖ್ಯವಾದದ್ದು ಸ್ಟಿಚ್ ಅನ್ನುವ ಪ್ರಯೋಗ. 1000 ರೋಗಿಗಳು, ಫಲಿತಾಂಶ 2009ರಲ್ಲಿ ಬಂತು. ಅರ್ಧ ಜನಕ್ಕೆ ಬರೀ ಬೈಪಾಸ್, ಇನ್ನರ್ಧಕ್ಕೆ ಬೈಪಾಸ್ ಜೊತೆಗೆ ಹೃದಯದ ಆಕಾರ ತಿದ್ದುವ ಆಪರೇಷನ್. ತಿದ್ದಿದವರಲ್ಲಿ ಕೋಣೆಯ ಗಾತ್ರ ನೂರಕ್ಕೆ 19ರಷ್ಟು ಇಳಿಯಿತು, ಬರೀ ಬೈಪಾಸ್‌ನವರಲ್ಲಿ 6ರಷ್ಟು. ಎಕೋ ರಿಪೋರ್ಟ್ ನೋಡಿದರೆ ಗೆದ್ದ ಹಾಗೆಯೇ. ಆದರೆ ಸತ್ತವರು, ಹೃದಯದ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ನೂರಕ್ಕೆ 58, 59. ಹೃದಯ ಸಣ್ಣದಾಯಿತು, ಮನುಷ್ಯನಿಗೆ ಏನೂ ಲಾಭ ಆಗಲಿಲ್ಲ. ನನ್ನ ಕೆಲಸವೇ ಅಳತೆ ಹೇಳುವುದು, ಹಾಗಾಗಿ ಈ ಫಲಿತಾಂಶ ನನಗೆ ಸ್ವಲ್ಪ ಜಾಸ್ತಿಯೇ ಚುಚ್ಚುತ್ತದೆ.

ಈಗ ಕ್ಲಿಪ್ ವಿಷಯಕ್ಕೆ ಬರೋಣ. ಇದರ ಮೂಲ ಮಿಲಾನ್‌ನಲ್ಲಿದೆ. ಒಟ್ಟಾವಿಯೋ ಆಲ್ಫಿಯೇರಿ ಅನ್ನುವ ಸರ್ಜನ್ 1991ರಲ್ಲಿ ಸೋರುವ ಮೈಟ್ರಲ್ ವಾಲ್ವಿನ ಎರಡೂ ಎಲೆಗಳನ್ನು ನಡುವೆ ಒಂದು ಹೊಲಿಗೆ ಹಾಕಿ ಸೇರಿಸಿದರು. ಅದೇ ಕೆಲಸವನ್ನು ತೊಡೆಯ ರಕ್ತನಾಳದಿಂದ ಹೋಗಿ ಮಾಡುವುದು ಮೈಟ್ರಾಕ್ಲಿಪ್. 2018ರಲ್ಲಿ ಇದರ ಎರಡು ಪ್ರಯೋಗಗಳ ಫಲಿತಾಂಶ ಕೆಲವೇ ವಾರಗಳ ಅಂತರದಲ್ಲಿ ಬಂತು. ಫ್ರಾನ್ಸಿನ ಮೈಟ್ರಾ-ಎಫ್‌ಆರ್, 304 ಜನ: ಏನೂ ಲಾಭ ಇಲ್ಲ. ಅಮೆರಿಕ ಮತ್ತು ಕೆನಡಾದ ಕೋಆಪ್ಟ್, 614 ಜನ: ಎರಡು ವರ್ಷಕ್ಕೆ ಸತ್ತವರು ಕ್ಲಿಪ್ ಹಾಕಿದವರಲ್ಲಿ ನೂರಕ್ಕೆ 29, ಹಾಕದವರಲ್ಲಿ 46. ಅದೇ ಕ್ಲಿಪ್, ಅದೇ ವಾಲ್ವ್!

ವ್ಯತ್ಯಾಸ ಎಲ್ಲಿ ಬಂತು ಅಂತ ವರ್ಷಗಟ್ಟಲೆ ಜಗಳ ನಡೆಯಿತು. ನನಗೆ ಒಪ್ಪಿಗೆಯಾಗುವ ಉತ್ತರ ಇದು. ಫ್ರಾನ್ಸಿನವರ ರೋಗಿಗಳಲ್ಲಿ ಹೃದಯ ತುಂಬಾ ಹಿಗ್ಗಿತ್ತು, ಸೋರಿಕೆ ಅಷ್ಟು ದೊಡ್ಡದಿರಲಿಲ್ಲ. ಅಲ್ಲಿ ಕಾಯಿಲೆ ಇದ್ದದ್ದು ಮಾಂಸದಲ್ಲಿ. ಅಮೆರಿಕದವರ ರೋಗಿಗಳಲ್ಲಿ ಹೃದಯ ಅಷ್ಟು ಹಿಗ್ಗಿರಲಿಲ್ಲ, ಸೋರಿಕೆ ಮಾತ್ರ ಜೋರಾಗಿತ್ತು. ಅಲ್ಲಿ ಸೋರಿಕೆಯೇ ಹೃದಯವನ್ನು ಸೋಲಿಸುತ್ತಿತ್ತು. ಜೊತೆಗೆ ಕೋಆಪ್ಟ್‌ನಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ಔಷಧಿಗಳನ್ನು ತಡೆದುಕೊಳ್ಳುವಷ್ಟು ಡೋಸ್‌ವರೆಗೆ ಏರಿಸಿ, ಆಮೇಲೂ ಸೋರಿಕೆ ಉಳಿದಿದ್ದರೆ ಮಾತ್ರ ಕ್ಲಿಪ್. ಇದನ್ನು ತೀರ್ಮಾನಿಸಲು ಬೇರೆಯೇ ಒಂದು ಸಮಿತಿ ಇತ್ತು.

ಇಲ್ಲಿಂದ ನನ್ನ ಮಾತು. ಆಕಾರ ಕೆಡುವುದು ಕಾಯಿಲೆಯ ಫಲ. ಫಲವನ್ನೇ ಹಿಡಿದು ಒತ್ತಿದ ಸಾಧನಗಳು ಬಹುಪಾಲು ಸೋತವು. ಕಾರಣಕ್ಕೆ ಕೈಹಾಕಿದಾಗ ಆಕಾರ ತಾನಾಗಿಯೇ ತಿರುಗಿ ಬಂತು. ಇದಕ್ಕೆ ಒಳ್ಳೆಯ ಉದಾಹರಣೆ ಸಿಆರ್‌ಟಿ ಪೇಸ್‌ಮೇಕರ್. ಕೆಲವರಿಗೆ ಇಸಿಜಿಯಲ್ಲಿ ಲೆಫ್ಟ್ ಬಂಡಲ್ ಬ್ಲಾಕ್ ಇರುತ್ತದೆ. ಎಡಗೋಡೆಗೆ ಕರೆಂಟ್ ತಡವಾಗಿ ತಲುಪುತ್ತದೆ. ಎಕೋದಲ್ಲಿ ನೋಡಿದರೆ ಒಂದು ಗೋಡೆ ಒಳಗೆ ಬರುವಾಗ ಇನ್ನೊಂದು ಹೊರಗೆ ಹೋಗುತ್ತಿರುತ್ತದೆ. ಸಿಆರ್‌ಟಿ ಎರಡಕ್ಕೂ ಒಟ್ಟಿಗೆ ಕರೆಂಟ್ ಕೊಡುತ್ತದೆ, ಅಷ್ಟೇ. ಆಕಾರವನ್ನು ಮುಟ್ಟುವುದೇ ಇಲ್ಲ. 2005ರ ಕೇರ್-ಎಚ್‌ಎಫ್ ಪ್ರಯೋಗದಲ್ಲಿ, 813 ಜನರಲ್ಲಿ, ಸಾವು ನೂರಕ್ಕೆ 30ರಿಂದ 20ಕ್ಕೆ ಇಳಿಯಿತು. ಹೃದಯವೂ ಕುಗ್ಗಿತು, ವಾಲ್ವಿನ ಸೋರಿಕೆಯೂ ಕಮ್ಮಿಯಾಯಿತು.

ಔಷಧಿಯೂ ಹಾಗೆಯೇ. ಈಗ ಹಾರ್ಟ್ ಫೇಲ್ಯೂರ್‌ಗೆ ನಾಲ್ಕು ಬಗೆಯ ಮಾತ್ರೆ ಒಟ್ಟಿಗೆ ಕೊಡುತ್ತಾರೆ. ಅವುಗಳಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ನಮ್ಮ ದೇಶದಲ್ಲಿ 2020ರಲ್ಲಿ ಮುಗಿಯಿತು, ಸಾಕುಬಿಟ್ರಿಲ್-ವಾಲ್ಸಾರ್ಟನ್‌ದು 2023ರಲ್ಲಿ. ಎರಡರ ಬೆಲೆಯೂ ಇಳಿದಿದೆ. ಇದು ಯಾವ ವಿಡಿಯೋದಲ್ಲೂ ವೈರಲ್ ಆಗಲಿಲ್ಲ, ಬಿಡಿ. ಸ್ಕ್ಯಾನ್‌ಗೆ ಬರುವವರಲ್ಲಿ "ಸುಸ್ತಾಗುತ್ತೆ ಅಂತ ಮಾತ್ರೆ ಬಿಟ್ಟೆ", "ಬಿಪಿ ಕಮ್ಮಿಯಾಯ್ತು ಅಂತ ನಾನೇ ಅರ್ಧ ಮಾಡಿದೆ" ಅನ್ನುವವರೇ ಜಾಸ್ತಿ. ಹಾಗೆ ಬಿಟ್ಟವರೇ ಕ್ಲಿಪ್ ಬಗ್ಗೆಯೂ ಕೇಳುತ್ತಾರೆ.

ತಪ್ಪು ತಿಳಿಯಬೇಡಿ, ನಾನು ಕ್ಲಿಪ್‌ಗೆ ವಿರೋಧಿ ಅಲ್ಲ. 2024ರಲ್ಲಿ ಬಂದ ರಿಶೇಪ್-ಎಚ್‌ಎಫ್2 ಪ್ರಯೋಗವೂ ಅದರ ಪರವಾಗಿಯೇ ಇದೆ. ವಾಲ್ವಿನ ಎಲೆಯೇ ಹರಿದು ಸೋರುವವರಿಗೆ, ವಯಸ್ಸಾಗಿ ಆಪರೇಷನ್ ತಡೆಯಲಾರದವರಿಗೆ ಅದು ನಿಜವಾದ ದಾರಿ. ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕಿರಿದಾದವರ ವಿಷಯ ಪೂರ್ತಿ ಬೇರೆ, ಅವರಿಗೆ ಬಲೂನ್ ಉಬ್ಬಿಸಿ ವಾಲ್ವ್ ಅಗಲ ಮಾಡುವ ಚಿಕಿತ್ಸೆ ಇದೆ. ನಮ್ಮ ಜಯದೇವ ಆಸ್ಪತ್ರೆಯಲ್ಲಿ ಸಾವಿರಾರು ಜನರಿಗೆ ಅದನ್ನು ಮಾಡಿದ್ದಾರೆ.

ಈಗ ಗುಜರಾತಿನ ಮೆರಿಲ್ ಕಂಪನಿ ಮೈಕ್ಲಿಪ್ ಅಂತ ದೇಶದಲ್ಲೇ ತಯಾರಾದ ಕ್ಲಿಪ್ ತಂದಿದೆ. ಒಳ್ಳೆಯದೇ. ಆದರೆ ಬೆಲೆ ಇಳಿದಷ್ಟೂ ಕೋಆಪ್ಟ್‌ನಲ್ಲಿದ್ದ ಆ ಕಟ್ಟುನಿಟ್ಟು ಸಡಿಲಾಗುತ್ತದೆ ಅನ್ನುವುದು ನನ್ನ ಅನುಮಾನ. ಹಾಗಾಗಿ ನಿಮ್ಮ ಮನೆಯವರಿಗೆ ಯಾರಾದರೂ ಕ್ಲಿಪ್ ಹೇಳಿದರೆ ಸಂಕೋಚ ಬೇಡ, ಕೇಳಿ. ಸೋರುತ್ತಿರುವುದು ವಾಲ್ವ್ ಕೆಟ್ಟಿದ್ದರಿಂದಲೋ, ಹೃದಯ ಹಿಗ್ಗಿದ್ದರಿಂದಲೋ? ನಾಲ್ಕೂ ಮಾತ್ರೆ ತಡೆದುಕೊಳ್ಳುವಷ್ಟು ಡೋಸ್‌ಗೆ ಏರಿಸಿ ಕೆಲವು ತಿಂಗಳು ಕಾದಿದ್ದೀರಾ? ಇಸಿಜಿಯಲ್ಲಿ ಬಂಡಲ್ ಬ್ಲಾಕ್ ಇದೆಯಾ? ಎಕೋಗೆ ಬರುವಾಗ ಹಳೆಯ ರಿಪೋರ್ಟುಗಳನ್ನೂ ತನ್ನಿ, ಮನೆಯಲ್ಲಿ ಬೀರುವಿನೊಳಗೆ ಇಟ್ಟುಬರಬೇಡಿ. ಹೃದಯ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ಅಂತ ಒಂದೇ ರಿಪೋರ್ಟ್ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.